ಕ್ರೋಮಿಯಂ, ಟ್ರಿಟಿಯಂ, ಗಾಮಾ ಕಿರಣ: ರಕ್ತ ಮತ್ತು ರೋಗನಿರೋಧಕ ಕೋಶಗಳ ಪ್ರಯೋಗಗಳಿಗೆ ಒಂದು ಕೈಪಿಡಿ

ಗಾಮಾ ಕೌಂಟರ್ ತೋರಿಸುವ ಸಂಖ್ಯೆ ಜೀವಕೋಶಗಳ ಲೆಕ್ಕವಲ್ಲ. ಕೊಳವೆಯೊಳಗಿನ ವಿಕಿರಣಶೀಲ ಪರಮಾಣುಗಳಲ್ಲಿ ಒಂದು ನಿಮಿಷಕ್ಕೆ ಎಷ್ಟು ಕ್ಷಯಿಸಿದವು, ಅವುಗಳಲ್ಲಿ ಎಷ್ಟನ್ನು ಯಂತ್ರ ಗುರುತಿಸಿತು ಎಂಬುದಷ್ಟೇ ಅಲ್ಲಿ ಮೂಡುತ್ತದೆ. ಆ ಸಂಖ್ಯೆಯಿಂದ ಹೊರಟು, ಟಿ ಕೋಶಗಳು ಗಡ್ಡೆಯ ಕೋಶಗಳಲ್ಲಿ ಅರ್ಧದಷ್ಟನ್ನು ಕೊಂದವು ಎಂಬ ಮಾತಿಗೆ ತಲುಪುವವರೆಗಿನ ದಾರಿಯನ್ನು ಪ್ರಯೋಗ ಮಾಡುವವರೇ ಕಟ್ಟಿಕೊಳ್ಳಬೇಕು. ರಕ್ತಕಣಗಳ ಮೇಲೂ ರೋಗನಿರೋಧಕ ಕೋಶಗಳ ಮೇಲೂ ಮೊದಲ ಬಾರಿಗೆ ವಿಕಿರಣಶೀಲ ವಸ್ತು ಬಳಸಲು ಹೊರಟಿರುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮತ್ತು ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಯಾವುದೇ ಟ್ರೇಸರ್ ಅನ್ನು, ಎಂದರೆ ಕೋಶದ ಜಾಡು ಹಿಡಿಯಲು ಬಳಸುವ ವಿಕಿರಣಶೀಲ ವಸ್ತುವನ್ನು, ತರಿಸುವ ಮೊದಲು ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಬೇಕು: ಈ ಪರಮಾಣು ಕೋಶದ ಯಾವ ಅಣುವಿನೊಳಗೆ ಸೇರುತ್ತದೆ, ಅಲ್ಲಿ ಎಷ್ಟು ಕಾಲ ಉಳಿಯುತ್ತದೆ, ಮತ್ತು ಹೊರಬಂದರೆ ಎಲ್ಲಿಗೆ ಹೋಗುತ್ತದೆ. ಈ ಪ್ರಶ್ನೆಗಳ ಬೆಲೆ ತಿಳಿಯಲು ಆಕ್ಸ್‌ಫರ್ಡಿನಲ್ಲಿ ಜೇಮ್ಸ್ ಗೋವನ್ಸ್ ಮತ್ತು ಅವರ ಸಹೋದ್ಯೋಗಿ ನೈಟ್ 1964ರಲ್ಲಿ ಪ್ರಕಟಿಸಿದ ಕೆಲಸವನ್ನು ನೋಡಬಹುದು. ಇಲಿಯ ಎದೆಯ ದುಗ್ಧನಾಳದಿಂದ ತೆಗೆದ ಸಣ್ಣ ಲಿಂಫೋಸೈಟ್‌ಗಳು ರಕ್ತದಿಂದ ದುಗ್ಧಗ್ರಂಥಿಗಳಿಗೆ ಯಾವ ಮಾರ್ಗವಾಗಿ ಮರಳುತ್ತವೆ ಎಂಬುದನ್ನು ಅವರು ಪತ್ತೆಹಚ್ಚಬೇಕಿತ್ತು. ಆ ಕೋಶಗಳು ಬಹುಪಾಲು ವಿಭಜನೆಯಾಗದೆ ಸುಮ್ಮನಿರುವಂಥವು. ಡಿಎನ್‌ಎ ತಯಾರಾಗುವಾಗ ಮಾತ್ರ ಒಳಸೇರುವ ಥೈಮಿಡಿನ್ ಅನ್ನು ಕೊಟ್ಟಿದ್ದರೆ ಅವು ಅದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಆದ್ದರಿಂದ ಆರ್‌ಎನ್‌ಎಗೆ ಸೇರುವ, ಟ್ರಿಟಿಯಂ (ಹೈಡ್ರೋಜನ್ನಿನ ವಿಕಿರಣಶೀಲ ರೂಪ) ಇರುವ ಅಡೆನೊಸಿನ್ ಅನ್ನು ಅವರು ಆರಿಸಿಕೊಂಡರು. ಪರಮಾಣು ಎರಡೂ ಅಣುಗಳಲ್ಲಿ ಒಂದೇ. ಅದನ್ನು ಹೊತ್ತ ಅಣು ಬೇರೆಯಾದುದರಿಂದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಪರವಾನಗಿ, ಕೋಣೆ, ಕೈ

ಭಾರತದಲ್ಲಿ ಈ ಕೆಲಸಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿ ಈಗ ಅರ್ಜಿಗಳನ್ನು ಇ-ಲೋರಾ ಎಂಬ ಜಾಲವ್ಯವಸ್ಥೆಯ ಮೂಲಕ ಸ್ವೀಕರಿಸುತ್ತದೆ. ಸಂಸ್ಥೆಯಲ್ಲಿ ಮಂಡಳಿ ಒಪ್ಪಿದ ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು. ವಸ್ತು ತರಿಸುವುದರಿಂದ ಹಿಡಿದು ತ್ಯಾಜ್ಯ ವಿಲೇವಾರಿಯವರೆಗೆ ಪ್ರತಿ ಹಂತದ ದಾಖಲೆ ಅವರ ಕಣ್ಣಿಗೆ ಬೀಳಬೇಕು. ವಿಕಿರಣದೊಂದಿಗೆ ಕೆಲಸ ಮಾಡುವವರ ದೇಹಕ್ಕೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ ಹೆಚ್ಚೆಂದರೆ 30 ಮಿಲಿಸೀವರ್ಟ್ ತಗಲಬಹುದು ಎಂಬುದು ಮಂಡಳಿಯ ಮಿತಿ. ಇಲ್ಲಿ ಹೇಳುವ ಪ್ರಯೋಗಗಳನ್ನು ಸರಿಯಾಗಿ ಮಾಡಿದರೆ ಈ ಮಿತಿಯ ಹತ್ತಿರಕ್ಕೂ ಹೋಗುವ ಪ್ರಶ್ನೆ ಬರುವುದಿಲ್ಲ.

ಎದೆಗೆ ಧರಿಸುವ, ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕ್ರೋಮಿಯಂ-51ರ ಗಾಮಾ ಕಿರಣವನ್ನು ದಾಖಲಿಸುತ್ತದೆ, ಟ್ರಿಟಿಯಂನ ಬೀಟಾ ಕಣವನ್ನು ದಾಖಲಿಸುವುದಿಲ್ಲ. ಟ್ರಿಟಿಯಂ ಬೀಟಾದ ಗರಿಷ್ಠ ಶಕ್ತಿ 18.6 ಕಿಲೊ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅದು ಗಾಳಿಯಲ್ಲಿ ಕೆಲವೇ ಮಿಲಿಮೀಟರ್ ಸಾಗಿ ನಿಂತುಬಿಡುತ್ತದೆ, ಚರ್ಮದ ಸತ್ತ ಪದರವನ್ನೂ ದಾಟುವುದಿಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಟ್ರಿಟಿಯಂ ಥೈಮಿಡಿನ್ ದೇಹದೊಳಗೆ ಹೋದರೆ ಅದು ಸೇರುವುದು ನಮ್ಮದೇ ವಿಭಜಿಸುವ ಕೋಶಗಳ ಡಿಎನ್‌ಎಗೆ. ಟ್ರಿಟಿಯಂನೊಂದಿಗೆ ಕೆಲಸ ಮಾಡುವವರ ಒಳಸೇವನೆಯನ್ನು ಮೂತ್ರ ಪರೀಕ್ಷೆಯಿಂದ ತಿಳಿಯಬೇಕು. ಮೇಜಿನ ಮಾಲಿನ್ಯವನ್ನು ಗೈಗರ್ ಮೀಟರಿನಿಂದಲ್ಲ, ಮೇಜನ್ನು ಒರೆಸಿದ ಕಾಗದವನ್ನು ಬೀಟಾ ಕಣಗಳಿಂದ ದ್ರವದಲ್ಲಿ ಹೊಮ್ಮುವ ಬೆಳಕನ್ನು ಎಣಿಸುವ ಲಿಕ್ವಿಡ್ ಸಿಂಟಿಲೇಶನ್ ಕೌಂಟರಿಗೆ ಹಾಕಿ ತಿಳಿಯಬೇಕು. ಗೈಗರ್ ಮೀಟರ್ ಸದ್ದು ಮಾಡಲಿಲ್ಲ, ಆದ್ದರಿಂದ ಮೇಜು ಶುಚಿಯಾಗಿದೆ ಎಂದು ಟ್ರಿಟಿಯಂ ಕೋಣೆಯಲ್ಲಿ ಯಾರಾದರೂ ಹೇಳಿದರೆ ಕೆಲಸ ನಿಲ್ಲಿಸಿ ಅವರಿಗೆ ಇದನ್ನು ವಿವರಿಸಬೇಕು.

ಮೇಜಿನ ಮೇಲೆ ಅಂಚಿರುವ ತಟ್ಟೆಯನ್ನಿಟ್ಟು, ಹಿಂಬದಿಗೆ ಪ್ಲಾಸ್ಟಿಕ್ ಇರುವ ಹೀರುಕಾಗದವನ್ನು ಅದರಲ್ಲಿ ಹಾಸಬೇಕು. ಎರಡು ಜೊತೆ ಕೈಗವಸು ಧರಿಸಿ, ಹೊರಗಿನದನ್ನು ಆಗಾಗ ಬದಲಿಸಬೇಕು. ಅದೇ ಕೈಗವಸಿನಲ್ಲಿ ಬಾಗಿಲ ಹಿಡಿ, ಪೆನ್ನು, ಮೊಬೈಲ್ ಮುಟ್ಟಬಾರದು. ಫಿಲ್ಟರ್ ಇರುವ ತುದಿಗಳನ್ನೇ ಪಿಪೆಟ್‌ಗೆ ಬಳಸಬೇಕು. ಈ ಶಿಸ್ತು ಆರೋಗ್ಯಕ್ಕಾಗಿ ಮಾತ್ರ ಇರುವುದಲ್ಲ. ಪಿಪೆಟ್ಟಿನ ಕೊಳವೆಗೆ ಏರಿದ ಒಂದು ಹನಿ ಮರುದಿನ ಇನ್ನೊಬ್ಬರ ಪ್ರಯೋಗದ ಪ್ಲೇಟಿನ ಖಾಲಿ ಕುಳಿಯಲ್ಲಿ (ಕೋಶಗಳನ್ನು ಹಾಕುವ ಸಣ್ಣ ಗುಂಡಿಯಲ್ಲಿ) ಎಣಿಕೆಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮನ್ನು ಕಾಯುವ ಶುಚಿತ್ವವೇ ನಮ್ಮ ಫಲಿತಾಂಶವನ್ನೂ ಕಾಯುತ್ತದೆ ಎಂಬುದು ಈ ಕೆಲಸದಲ್ಲಿ ನಾನು ಕಲಿತ ಅತಿ ಮುಖ್ಯ ವಿಷಯ.

ಮಾನವ ರಕ್ತವನ್ನು ಬಳಸುವಾಗ ಹೆಪಟೈಟಿಸ್ ಬಿ, ಎಚ್‌ಐವಿ ಮುಂತಾದ ಸೋಂಕುಗಳ ಭಯವೂ ಜೊತೆಗಿರುತ್ತದೆ. ಸಾಮಾನ್ಯವಾಗಿ ಅಂಥ ದ್ರವಕ್ಕೆ ಹೈಪೋಕ್ಲೋರೈಟ್ ಬ್ಲೀಚ್ ಸುರಿಯುತ್ತೇವೆ. ಆದರೆ ಅಯೋಡಿನ್-125 ಇರುವ ಮಾದರಿಗೆ ಬ್ಲೀಚ್ ಹಾಕಲೇಬಾರದು: ಅದು ಅಯೋಡೈಡ್ ಅನ್ನು ಉತ್ಕರ್ಷಿಸಿ ಆವಿಯಾಗುವ ಅಯೋಡಿನ್ ಆಗಿ ಮಾರ್ಪಡಿಸುತ್ತದೆ, ಉಸಿರಿನ ಮೂಲಕ ಒಳಹೋದ ಅಯೋಡಿನ್ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಸೋಂಕಿನ ನಿಯಮ ಮತ್ತು ವಿಕಿರಣದ ನಿಯಮ ಹೀಗೆ ಎದುರುಬದುರಾದಾಗ ಏನು ಮಾಡಬೇಕೆಂಬುದನ್ನು ಪ್ರಯೋಗದ ದಿನವಲ್ಲ, ಮೊದಲೇ ಸುರಕ್ಷತಾ ಅಧಿಕಾರಿಯೊಂದಿಗೆ ಕುಳಿತು ತೀರ್ಮಾನಿಸಿರಬೇಕು.

ಕ್ರೋಮಿಯಂ ಬಿಡುಗಡೆ ಪರೀಕ್ಷೆ

ಒಂದು ಕೋಶ ಇನ್ನೊಂದನ್ನು ಕೊಂದಿತೇ ಎಂದು ಅಳೆಯುವ ಈ ವಿಧಾನವನ್ನು ಬ್ರೂನರ್ ಮತ್ತು ಸಂಗಡಿಗರು 1968ರಲ್ಲಿ ವಿವರವಾಗಿ ಪ್ರಕಟಿಸಿದರು; ಇಂದಿಗೂ ಹೊಸ ವಿಧಾನಗಳನ್ನು ಇದರ ಪಕ್ಕದಲ್ಲಿಟ್ಟೇ ತೂಗುತ್ತಾರೆ. ಇದರ ಹಿಂದಿನ ರಸಾಯನ ಸರಳವಾದದ್ದು. ಸೋಡಿಯಂ ಕ್ರೋಮೇಟ್‌ನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಜೀವಂತ ಕೋಶದ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ, ಅಲ್ಲಿ ಅಪಕರ್ಷಣೆಗೊಂಡು ಮೂರು ವೇಲೆನ್ಸಿಗೆ ಇಳಿಯುತ್ತದೆ, ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕೋಶ ಸತ್ತು ಪೊರೆ ಒಡೆದಾಗ ಅದು ಹೊರಗೆ ಬರುತ್ತದೆ. ಮೂರು ವೇಲೆನ್ಸಿಯ ರೂಪದಲ್ಲಿರುವುದರಿಂದ ಪಕ್ಕದ ಕೋಶಗಳು ಅದನ್ನು ಮತ್ತೆ ಒಳಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಹೇಳಿದ ಮೂರೂ ಪ್ರಶ್ನೆಗಳಿಗೆ ಇಷ್ಟು ಸ್ಪಷ್ಟವಾಗಿ ಉತ್ತರಿಸುವ ಟ್ರೇಸರ್ ಅಪರೂಪ.

ಕ್ರೋಮಿಯಂ-51ರ ಅರ್ಧಾಯು, ಎಂದರೆ ಅದರ ಅರ್ಧ ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲ, 27.7 ದಿನ. ಬಾಟಲಿಯ ಮೇಲೆ ಮುದ್ರಿಸಿದ ಚಟುವಟಿಕೆ ಅದರಲ್ಲಿ ನಮೂದಿಸಿದ ದಿನಾಂಕಕ್ಕೆ ಮಾತ್ರ ನಿಜ. ಮಿಲಿಲೀಟರಿಗೆ 1 ಮಿಲಿಕ್ಯೂರಿ (ಕ್ಯೂರಿ ಎಂಬುದು ಚಟುವಟಿಕೆಯ ಮಾನ) ಇದ್ದ ದ್ರಾವಣ 14 ದಿನಗಳ ನಂತರ ಸುಮಾರು 0.70 ಮಿಲಿಕ್ಯೂರಿಗೆ ಇಳಿದಿರುತ್ತದೆ. ಆಗ 100 ಮೈಕ್ರೊಕ್ಯೂರಿ ಬೇಕಿದ್ದರೆ 100 ಮೈಕ್ರೊಲೀಟರ್ ಅಲ್ಲ, 142 ಮೈಕ್ರೊಲೀಟರ್ ತೆಗೆದುಕೊಳ್ಳಬೇಕು. ಹಳೆಯ ಬಾಟಲಿಯಿಂದ ಹೆಚ್ಚು ಪ್ರಮಾಣ ಹಾಕಿ ಸರಿದೂಗಿಸುತ್ತಲೇ ಹೋಗುವುದಕ್ಕೆ ಒಂದು ಮಿತಿಯಿದೆ, ಏಕೆಂದರೆ ಅದೇ ಚಟುವಟಿಕೆಗಾಗಿ ಹೆಚ್ಚು ಹೆಚ್ಚು ಕ್ರೋಮೇಟ್ ಕೋಶಗಳ ಮೇಲೆ ಬೀಳುತ್ತದೆ, ಕ್ರೋಮೇಟ್ ತಾನೇ ವಿಷ. ಎರಡು ಅರ್ಧಾಯು ಕಳೆದ ಬಾಟಲಿಯನ್ನು ನಾನು ಬಳಸುವುದಿಲ್ಲ.

ಕ್ರೋಮಿಯಂ ತುಂಬಿಸಿ ಕೊಲ್ಲುವ ಕೋಶಗಳ ಮುಂದಿಡುವ ಗುರಿಕೋಶಗಳ ಆರೋಗ್ಯದ ಮೇಲೆ ಎಲ್ಲವೂ ನಿಂತಿದೆ. ಹಿಂದಿನ ದಿನವೇ ಹೊಸ ಮಾಧ್ಯಮ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಕೊಟ್ಟು, ಕೋಶಗಳು ಚುರುಕಾಗಿ ಬೆಳೆಯುತ್ತಿರುವ ಸ್ಥಿತಿಯಲ್ಲಿ ಅವನ್ನು ತೆಗೆಯಬೇಕು. ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೋಡಿದಾಗ ನೂರರಲ್ಲಿ ತೊಂಬತ್ತೈದಾದರೂ ಜೀವಂತವಾಗಿರಬೇಕು. ಫ್ಲಾಸ್ಕಿನಲ್ಲಿ ಕಿಕ್ಕಿರಿದು ಬೆಳೆದು ಮಾಧ್ಯಮ ಹಳದಿಗೆ ತಿರುಗಿದ ಕೋಶಗಳನ್ನು ಇನ್ನೊಂದು ವಾರ ಕಾಯಲು ಸಮಯವಿಲ್ಲ ಎಂಬ ಕಾರಣಕ್ಕೆ ಬಳಸಿದರೆ, ಕ್ರೋಮಿಯಂ ತಾನಾಗಿಯೇ ಸೋರಿ ಇಡೀ ದಿನದ ಕೆಲಸ ವ್ಯರ್ಥವಾಗುತ್ತದೆ. ಹೀಗೆ ವ್ಯರ್ಥವಾದ ಪ್ಲೇಟುಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಪ್ರತಿ ಬಾರಿಯೂ ತಪ್ಪಿನ ಮೂಲ ಕೌಂಟರಿನಲ್ಲಿರಲಿಲ್ಲ, ಫ್ಲಾಸ್ಕಿನಲ್ಲಿತ್ತು.

ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಪೂರ್ತಿ ತೆಗೆದು, ತಳದಲ್ಲಿ ಉಳಿದ ಕೋಶಗಳಿಗೆ 100 ಮೈಕ್ರೊಕ್ಯೂರಿ, ಎಂದರೆ 3.7 ಮೆಗಾಬೆಕೆರೆಲ್‌ನಷ್ಟು ಕ್ರೋಮೇಟ್ ಸೇರಿಸಬೇಕು. ದ್ರವದ ಒಟ್ಟು ಪ್ರಮಾಣ ಕಡಿಮೆಯಿದ್ದಷ್ಟೂ ಕೋಶಗಳು ಚೆನ್ನಾಗಿ ಹೀರಿಕೊಳ್ಳುತ್ತವೆ. ಕೊಳವೆಯನ್ನು ಸೀಸದ ಕವಚದಲ್ಲಿಟ್ಟು 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಬೇಕು. ಕೋಶಗಳು ತಳಕ್ಕೆ ಕೂರದಂತೆ ಹದಿನೈದು ನಿಮಿಷಕ್ಕೊಮ್ಮೆ ನಿಧಾನವಾಗಿ ಅಲುಗಿಸಬೇಕು. ಕ್ರೋಮಿಯಂ-51 ಹೊರಸೂಸುವ 320 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಗಾಮಾವನ್ನು ಎರಡು ಮಿಲಿಮೀಟರ್ ದಪ್ಪದ ಸೀಸ ಅರ್ಧಕ್ಕಿಂತ ಹೆಚ್ಚು ತಡೆಯುತ್ತದೆ, ಆದ್ದರಿಂದ ಸೆಂಟಿಮೀಟರ್ ದಪ್ಪದ ಸೀಸದ ಪಾತ್ರೆ ಈ ಪ್ರಮಾಣಕ್ಕೆ ಧಾರಾಳವಾಗಿ ಸಾಕು. ಕೊಳವೆಯನ್ನು ಬೆರಳಲ್ಲಿ ಹಿಡಿಯುವ ಬದಲು ಚಿಮ್ಮಟದಿಂದ ಹಿಡಿಯಬೇಕು, ಏಕೆಂದರೆ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಆಮೇಲೆ ಮೂರು ಬಾರಿ ತೊಳೆಯಬೇಕು. ಮೊದಲ ತೊಳೆತದ ನೀರಿನಲ್ಲಿ ಹೆಚ್ಚಿನ ಚಟುವಟಿಕೆ ಇರುತ್ತದೆ. ಅದನ್ನು ಎಂದೂ ಸಿಂಕಿಗೆ ಚೆಲ್ಲದೆ, ಗುರುತು ಹಚ್ಚಿದ ಡಬ್ಬಿಗೆ ಹಾಕಬೇಕು. ಮೂರನೆಯ ತೊಳೆತದ ತಿಳಿಯಿಂದ 100 ಮೈಕ್ರೊಲೀಟರ್ ತೆಗೆದು ಎಣಿಸಿ ನೋಡುವ ಅಭ್ಯಾಸ ಒಳ್ಳೆಯದು: ಅದು ಇನ್ನೂ ಸಾವಿರಾರು ಎಣಿಕೆ ಕೊಡುತ್ತಿದ್ದರೆ ಮತ್ತೊಮ್ಮೆ ತೊಳೆಯಬೇಕು. ತೊಳೆದ ಕೋಶಗಳನ್ನು ಮಿಲಿಲೀಟರಿಗೆ ಒಂದು ಲಕ್ಷದಂತೆ ಮಾಧ್ಯಮದಲ್ಲಿ ಬೆರೆಸಿ, 96 ಕುಳಿಗಳ ಪ್ಲೇಟಿನ ಪ್ರತಿ ಕುಳಿಗೆ 100 ಮೈಕ್ರೊಲೀಟರ್, ಅಂದರೆ 10,000 ಗುರಿಕೋಶ ಹಾಕಬೇಕು. ದುಂಡು ತಳದ ಅಥವಾ ಚೂಪು ತಳದ ಪ್ಲೇಟನ್ನೇ ಬಳಸಬೇಕು. ಚಪ್ಪಟೆ ತಳದಲ್ಲಿ ಕೊಲ್ಲುವ ಕೋಶಕ್ಕೆ ಗುರಿಕೋಶ ಸಿಗುವುದು ಕಷ್ಟ.

ಕೊಲ್ಲುವ ಕೋಶಗಳನ್ನು ಗುರಿಕೋಶಕ್ಕೆ 100:1, 50:1, 25:1, 12.5:1 ಹೀಗೆ ಅರ್ಧರ್ಧ ಇಳಿಸುತ್ತಾ ತಲಾ ಮೂರು ಕುಳಿಗಳಲ್ಲಿ ಹಾಕಬೇಕು. ಒಂದೇ ಅನುಪಾತದಲ್ಲಿ ಪಡೆದ ಫಲಿತಾಂಶವನ್ನು ನಾನು ನಂಬುವುದಿಲ್ಲ; ಅನುಪಾತ ಇಳಿದಂತೆ ಕೊಲ್ಲುವಿಕೆಯೂ ಕ್ರಮವಾಗಿ ಇಳಿಯುವುದು ಕಂಡರೆ ಮಾತ್ರ ಆ ಸಂಖ್ಯೆಗೆ ಜೀವ ಬರುತ್ತದೆ. ಇವುಗಳ ಜೊತೆಗೆ ಗುರಿಕೋಶ ಮತ್ತು ಬರೀ ಮಾಧ್ಯಮ ಇರುವ ಕುಳಿಗಳು ತಾನಾಗಿ ಆಗುವ ಬಿಡುಗಡೆಯನ್ನೂ, ಗುರಿಕೋಶಕ್ಕೆ ಕೊನೆಯ ಪ್ರಮಾಣ ಒಂದು ಶೇಕಡಾ ಆಗುವಂತೆ ಕೋಶದ ಪೊರೆಯನ್ನು ಕರಗಿಸುವ ಟ್ರೈಟಾನ್ ಎಕ್ಸ್-100 ಹಾಕಿದ ಕುಳಿಗಳು ಗರಿಷ್ಠ ಬಿಡುಗಡೆಯನ್ನೂ ಹೇಳುತ್ತವೆ. ಇವಕ್ಕೆ ಆರಾರು ಕುಳಿ ಮೀಸಲಿಡಬೇಕು, ಏಕೆಂದರೆ ಪ್ಲೇಟಿನ ಪ್ರತಿ ಲೆಕ್ಕವೂ ಇವೆರಡರ ಮೇಲೆ ನಿಂತಿರುತ್ತದೆ. ಪ್ಲೇಟನ್ನು ಕಡಿಮೆ ವೇಗದಲ್ಲಿ ಎರಡು ನಿಮಿಷ ತಿರುಗಿಸಿ ಕೋಶಗಳನ್ನು ಒಟ್ಟಿಗೆ ಕೂರಿಸಿ, ಇನ್‌ಕ್ಯುಬೇಟರಿನಲ್ಲಿ ನಾಲ್ಕು ಗಂಟೆ ಇಡಬೇಕು. ಆಮೇಲೆ ಮತ್ತೆ ತಿರುಗಿಸಿ, ತಳದ ಕೋಶಗಳನ್ನು ಕದಡದೆ ಮೇಲಿನಿಂದ 100 ಮೈಕ್ರೊಲೀಟರ್ ತಿಳಿಯನ್ನು ಕೊಳವೆಗೆ ಹಾಕಿ ಎಣಿಸಬೇಕು. ಈ ತಿಳಿ ತೆಗೆಯುವ ಕೆಲಸದಲ್ಲಿ ಅವಸರ ಸಲ್ಲದು: ಪಿಪೆಟ್ಟಿನ ತುದಿ ತಳಕ್ಕೆ ತಾಗಿ ಒಂದಷ್ಟು ಜೀವಂತ ಕೋಶಗಳು ಬಂದರೆ ಅವುಗಳೊಳಗಿನ ಕ್ರೋಮಿಯಂ ಕೂಡ ಸತ್ತ ಕೋಶಗಳ ಲೆಕ್ಕಕ್ಕೆ ಸೇರಿಬಿಡುತ್ತದೆ.

ಲೆಕ್ಕ ಹೀಗೆ. ಪ್ರಯೋಗದ ಕುಳಿಯ ಎಣಿಕೆಯಿಂದ ತಾನಾಗಿ ಆದ ಬಿಡುಗಡೆಯ ಎಣಿಕೆಯನ್ನು ಕಳೆಯಬೇಕು. ಗರಿಷ್ಠ ಬಿಡುಗಡೆಯಿಂದಲೂ ಅದನ್ನೇ ಕಳೆಯಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ತಾನಾಗಿ ಆದದ್ದು ನಿಮಿಷಕ್ಕೆ 300, ಗರಿಷ್ಠ 3000, ಪ್ರಯೋಗದ ಕುಳಿ 1650 ಎಂದಿಟ್ಟುಕೊಂಡರೆ, 1350ನ್ನು 2700ರಿಂದ ಭಾಗಿಸಿ 50 ಶೇಕಡಾ ಎನ್ನಬಹುದು. ಇಲ್ಲಿ ತಾನಾಗಿ ಆದ ಬಿಡುಗಡೆ ಗರಿಷ್ಠದ 10 ಶೇಕಡಾ ಇದೆ, ಇದು ಒಳ್ಳೆಯ ಸ್ಥಿತಿ. 20 ಶೇಕಡಾ ದಾಟಿದರೆ ಎಚ್ಚರ ವಹಿಸಬೇಕು, 30 ದಾಟಿದರೆ ಪ್ಲೇಟನ್ನು ಬದಿಗಿಟ್ಟು ಗುರಿಕೋಶಗಳತ್ತ ನೋಡಬೇಕು. ವಿಕಿರಣ ಕ್ಷಯ ಯಾದೃಚ್ಛಿಕ ಘಟನೆಯಾದ್ದರಿಂದ ಎಣಿಕೆಯ ದೋಷ ಅದರ ವರ್ಗಮೂಲದಷ್ಟಿರುತ್ತದೆ: ಒಟ್ಟು 100 ಎಣಿಸಿದರೆ ದೋಷ 10 ಶೇಕಡಾ, 10,000 ಎಣಿಸಿದರೆ 1 ಶೇಕಡಾ. ಎಣಿಕೆ ಕಡಿಮೆಯಿರುವ ಕೊಳವೆಗಳನ್ನು ಹೆಚ್ಚು ನಿಮಿಷ ಎಣಿಸುವುದಕ್ಕೆ ಇದೇ ಕಾರಣ.

ಇಷ್ಟಾದರೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ: ಈ ಕೊಲ್ಲುವಿಕೆ ನಿರ್ದಿಷ್ಟವೇ? 1974ರಲ್ಲಿ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇದೇ ಕ್ರೋಮಿಯಂ ವಿಧಾನದಿಂದ, ವೈರಸ್ ಸೋಂಕಿತ ಇಲಿಯ ಟಿ ಕೋಶಗಳು ಅದೇ ವೈರಸ್ ತಗಲಿದ ಗುರಿಕೋಶಗಳನ್ನೂ ತಮ್ಮದೇ ಎಂಎಚ್‌ಸಿ (ಕೋಶದ ಮೇಲ್ಮೈಯಲ್ಲಿರುವ ಗುರುತಿನ ಅಣುಗಳು) ಬಗೆಯವಾಗಿದ್ದರೆ ಮಾತ್ರ ಕೊಲ್ಲುತ್ತವೆ ಎಂದು ತೋರಿಸಿದರು. ಆ ಕೆಲಸಕ್ಕೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಮನಿಸಬೇಕಾದದ್ದು, ಆವಿಷ್ಕಾರ ಅಡಗಿದ್ದುದು ಹೋಲಿಕೆಗೆಂದು ಇಟ್ಟ ಕುಳಿಗಳಲ್ಲಿ: ಸೋಂಕು ತಗಲಿದ್ದರೂ ಬೇರೆ ತಳಿಯ ಇಲಿಯವಾದ್ದರಿಂದ ಸಾಯದೆ ಉಳಿದ ಗುರಿಕೋಶಗಳಲ್ಲಿ. ಆದ್ದರಿಂದ ನಿಮ್ಮ ಪ್ಲೇಟಿನಲ್ಲಿಯೂ ಸಾಯಬಾರದ ಗುರಿಕೋಶವೊಂದು ಇರಲೇಬೇಕು. ಮಾನವ ರಕ್ತದಲ್ಲಿ ಕೆಲಸ ಮಾಡುವಾಗ ನ್ಯಾಚುರಲ್ ಕಿಲ್ಲರ್ ಕೋಶಗಳು ಸುಲಭವಾಗಿ ಕೊಲ್ಲುವ ಕೆ-562 ಕೋಶಗಳನ್ನೂ ಇಟ್ಟರೆ, ಕಂಡದ್ದು ಟಿ ಕೋಶಗಳ ಕೆಲಸವೋ ಅಲ್ಲವೋ ಎಂದು ಬೇರ್ಪಡಿಸಲು ಅನುಕೂಲ. ಕ್ರೋಮಿಯಂ ಹಾಕದ ಅದೇ ಗುರಿಕೋಶಗಳನ್ನು ಹೆಚ್ಚಾಗಿ ಬೆರೆಸಿದಾಗ ಎಣಿಕೆ ಇಳಿದರೆ, ನಿರ್ದಿಷ್ಟತೆಗೆ ಇನ್ನೊಂದು ಸಾಕ್ಷಿ ಸಿಕ್ಕಂತೆ.

ಈ ಪರೀಕ್ಷೆಗೆ ಅದರದೇ ಆದ ಕುರುಡು ಜಾಗಗಳೂ ಇವೆ. ನಾಲ್ಕು ಗಂಟೆಯೊಳಗೆ ಪೊರೆ ಒಡೆಯದ, ನಿಧಾನವಾಗಿ ಸಾಯುವ ಕೋಶಗಳು ಇದಕ್ಕೆ ಕಾಣುವುದಿಲ್ಲ. ಸಮಯವನ್ನು ರಾತ್ರಿಯಿಡೀ ಎಳೆದರೆ ತಾನಾಗಿ ಆಗುವ ಸೋರಿಕೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಕೆಂಪು ಕಣಗಳ ಆಯುಸ್ಸು

ಕ್ರೋಮಿಯಂ-51 ರಕ್ತದ ಸಂಶೋಧನೆಗೆ ಬಂದದ್ದು ಕೆಂಪು ಕಣಗಳ ಮೂಲಕ, 1950ರಲ್ಲಿ, ಗ್ರೇ ಮತ್ತು ಸ್ಟರ್ಲಿಂಗ್ ಅವರ ಕೆಲಸದಿಂದ. ಕೆಂಪು ಕಣದೊಳಗೆ ಅದು ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಒಳಗೆ ಸೇರಿದ ಮೇಲೆ ಉಳಿದ ಕ್ರೋಮೇಟ್‌ಗೆ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ಅದು ಮೂರು ವೇಲೆನ್ಸಿಗೆ ಇಳಿದು ಮುಂದೆ ಯಾವ ಕಣಕ್ಕೂ ಸೇರುವುದಿಲ್ಲ. ಇದನ್ನು ಮನುಷ್ಯರಲ್ಲಿ ಮಾಡುವುದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಕೆಲಸ. ಆದರೆ ಅದರ ಲೆಕ್ಕದಲ್ಲಿರುವ ಪಾಠ ಎಲ್ಲರಿಗೂ ಬೇಕಾದದ್ದು.

ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಒಂದು ದಿನ ರಕ್ತ ತೆಗೆದು ಎಲ್ಲ ವಯಸ್ಸಿನ ಕಣಗಳಿಗೂ ಗುರುತು ಹಚ್ಚಿದರೆ, ಅವುಗಳಲ್ಲಿ ಅರ್ಧ ಕಾಣೆಯಾಗಲು 60 ದಿನ ಹಿಡಿಯಬೇಕು. ಆದರೆ ಕ್ರೋಮಿಯಂ ವಿಧಾನದಲ್ಲಿ ಆರೋಗ್ಯವಂತರಲ್ಲಿ ಸಿಗುವ ಅರ್ಧಾವಧಿ 25ರಿಂದ 35 ದಿನ. ಕಣಗಳು ಬೇಗ ಸಾಯುತ್ತಿಲ್ಲ. ಜೀವಂತ ಕಣಗಳಿಂದಲೇ ದಿನಕ್ಕೆ ಸುಮಾರು ಒಂದು ಶೇಕಡಾ ಕ್ರೋಮಿಯಂ ಸೋರಿಹೋಗುತ್ತಿದೆ. ಪರಮಾಣು ಎಷ್ಟು ಕಾಲ ಉಳಿಯುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳದಿದ್ದರೆ ಆರೋಗ್ಯವಂತರಿಗೂ ರಕ್ತ ಒಡೆಯುವ ಕಾಯಿಲೆ ಇದೆ ಎಂದುಬಿಡಬಹುದು.

ಟ್ರಿಟಿಯಂ ಥೈಮಿಡಿನ್

ಲಿಂಫೋಸೈಟ್‌ಗಳು ಒಂದು ಪ್ರಚೋದನೆಗೆ ಎಚ್ಚೆತ್ತು ವಿಭಜಿಸುತ್ತಿವೆಯೇ ಎಂದು ತಿಳಿಯಲು ಟ್ರಿಟಿಯಂ ಥೈಮಿಡಿನ್ ಬಳಸುತ್ತಾರೆ. ರಕ್ತದಿಂದ ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ಬೇರ್ಪಡಿಸಿದ ಒಂಟಿ ನ್ಯೂಕ್ಲಿಯಸ್ಸಿನ ಬಿಳಿ ಕಣಗಳನ್ನು ಕುಳಿಗೆ ಎರಡು ಲಕ್ಷದಂತೆ ಹಾಕಿ, ಪಿಎಚ್‌ಎಯಂಥ ಪ್ರಚೋದಕ ಕೊಟ್ಟರೆ ಮೂರು ದಿನ, ಇನ್ನೊಬ್ಬರ ಕೋಶಗಳೊಂದಿಗೆ ಬೆರೆಸುವ ಮಿಶ್ರ ಲಿಂಫೋಸೈಟ್ ಪ್ರಯೋಗವಾದರೆ ಐದಾರು ದಿನ ಬೆಳೆಸಬೇಕು. ಕೊನೆಯ 6ರಿಂದ 18 ಗಂಟೆ ಕುಳಿಗೆ 1 ಮೈಕ್ರೊಕ್ಯೂರಿ ಟ್ರಿಟಿಯಂ ಥೈಮಿಡಿನ್ ಹಾಕಿಡಬೇಕು. ಆಮೇಲೆ ಹಾರ್ವೆಸ್ಟರ್ ಯಂತ್ರ ಕೋಶಗಳನ್ನು ಒಡೆದು ಗಾಜಿನ ನಾರಿನ ಫಿಲ್ಟರಿನ ಮೇಲೆ ಹರಿಸುತ್ತದೆ. ಉದ್ದನೆಯ ಡಿಎನ್‌ಎ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಸೇರದೆ ಉಳಿದ ಥೈಮಿಡಿನ್ ತೊಳೆದುಹೋಗುತ್ತದೆ. ಫಿಲ್ಟರ್ ಪೂರ್ತಿ ಒಣಗಿದ ಮೇಲೆಯೇ ಸಿಂಟಿಲೇಶನ್ ದ್ರವ ಹಾಕಬೇಕು. ತೇವ ಉಳಿದರೆ ಬೆಳಕು ಕುಂದಿ ಎಣಿಕೆ ತಗ್ಗುತ್ತದೆ, ಅದೂ ಎಲ್ಲ ಕುಳಿಗಳಲ್ಲಿ ಒಂದೇ ಸಮನಾಗಿ ಅಲ್ಲ.

ಇಲ್ಲಿ ಸಿಗುವ ಸಂಖ್ಯೆ ಕೋಶಗಳ ಸಂಖ್ಯೆಯಲ್ಲ, ಆ ಕೆಲವು ಗಂಟೆಗಳಲ್ಲಿ ತಯಾರಾದ ಡಿಎನ್‌ಎಯ ಸೂಚನೆ. ನಾಲ್ಕನೆಯ ದಿನ ಚೆನ್ನಾಗಿ ವಿಭಜಿಸಿ ಐದನೆಯ ದಿನ ದಣಿದ ಕೋಶಗಳು ಆರನೆಯ ದಿನದ ಎಣಿಕೆಯಲ್ಲಿ ಪ್ರತಿಕ್ರಿಯಿಸದವುಗಳಂತೆ ಕಾಣಬಹುದು. ಹೊಸ ಪ್ರಚೋದಕವನ್ನು ಬಳಸುವಾಗ ಒಂದೇ ದಿನ ನೋಡದೆ ಹಲವು ದಿನಗಳ ರೇಖೆಯನ್ನು ಪಡೆಯಬೇಕು. ಕೋಶಸಾಕಣೆಗೆ ಮೈಕೋಪ್ಲಾಸ್ಮಾ ಸೋಂಕು ತಗಲಿದ್ದರೆ ಆ ಸೂಕ್ಷ್ಮಜೀವಿಯ ಕಿಣ್ವವೇ ಥೈಮಿಡಿನ್ ಅನ್ನು ಒಡೆದುಹಾಕುತ್ತದೆ. ಆಗ ಎಣಿಕೆ ಕುಸಿಯುತ್ತದೆ, ಕೋಶಗಳು ಮಾತ್ರ ಸೂಕ್ಷ್ಮದರ್ಶಕದಲ್ಲಿ ಗುಂಪುಗುಂಪಾಗಿ ಬೆಳೆಯುತ್ತಿರುತ್ತವೆ. ಕಣ್ಣಿಗೆ ಕಾಣುವುದಕ್ಕೂ ಕೌಂಟರ್ ಹೇಳುವುದಕ್ಕೂ ಹೀಗೆ ತಾಳೆಯಾಗದಿದ್ದರೆ ಮೊದಲು ಮೈಕೋಪ್ಲಾಸ್ಮಾ ಪರೀಕ್ಷೆ ಮಾಡಿಸಬೇಕು. ಫಲಿತಾಂಶವನ್ನು ಪ್ರಚೋದಿತ ಮತ್ತು ಪ್ರಚೋದಿಸದ ಎಣಿಕೆಗಳ ಅನುಪಾತವಾಗಿ ಮಾತ್ರ ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ: ಪ್ರಚೋದಿಸದ ಕುಳಿ 100ರಿಂದ 200ಕ್ಕೆ ಏರಿದರೂ ಅನುಪಾತ ಅರ್ಧಕ್ಕಿಳಿಯುತ್ತದೆ. ಎರಡೂ ಎಣಿಕೆಗಳನ್ನು ಓದುಗರ ಮುಂದಿಡಬೇಕು.

1994ರಿಂದ ಸಿಎಫ್‌ಎಸ್‌ಇ ಎಂಬ ಹೊಳೆಯುವ ಬಣ್ಣ ಈ ಕೆಲಸದ ದೊಡ್ಡ ಪಾಲನ್ನು ವಹಿಸಿಕೊಂಡಿದೆ. ಪ್ರತಿ ವಿಭಜನೆಗೂ ಅದು ಅರ್ಧವಾಗುವುದರಿಂದ ಯಾವ ಕೋಶ ಎಷ್ಟು ಬಾರಿ ವಿಭಜಿಸಿತು ಎಂಬುದನ್ನು ಫ್ಲೋ ಸೈಟೋಮೀಟರ್ ತೋರಿಸುತ್ತದೆ. ಯಾವ ಬಗೆಯ ಕೋಶ ವಿಭಜಿಸಿತು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಟ್ರಿಟಿಯಂ ಅನ್ನು ಮುಟ್ಟಬೇಡಿ. ನೂರಾರು ಕುಳಿಗಳ ಒಟ್ಟು ಪ್ರತಿಕ್ರಿಯೆಯನ್ನು ಹೋಲಿಸಬೇಕಿದ್ದರೆ, ಅತಿ ದುರ್ಬಲ ಪ್ರತಿಕ್ರಿಯೆಯನ್ನು ಹಿಡಿಯಬೇಕಿದ್ದರೆ ಅದಕ್ಕೆ ಇನ್ನೂ ಸ್ಥಾನವಿದೆ.

ಕಿರಣವನ್ನೇ ಸಾಧನವಾಗಿಸುವಾಗ

ಮಿಶ್ರ ಲಿಂಫೋಸೈಟ್ ಪ್ರಯೋಗದಲ್ಲಿ ಇಬ್ಬರ ಕೋಶಗಳನ್ನು ಬೆರೆಸಿದರೆ ಎರಡೂ ಪಕ್ಷಗಳು ವಿಭಜಿಸುತ್ತವೆ, ಯಾರದು ಯಾರ ಪ್ರತಿಕ್ರಿಯೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಪ್ರಚೋದಿಸುವ ಪಕ್ಷದ ಕೋಶಗಳಿಗೆ 25ರಿಂದ 30 ಗ್ರೇ (ವಸ್ತು ಹೀರಿಕೊಂಡ ವಿಕಿರಣದ ಮಾನ) ವಿಕಿರಣ ಕೊಟ್ಟು ಅವು ವಿಭಜಿಸದಂತೆ ಮಾಡುತ್ತಾರೆ. ಬೆಳವಣಿಗೆಯ ವೇಗ ಹೆಚ್ಚಿರುವ ಗಡ್ಡೆಯ ಕೋಶಗಳನ್ನೋ ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಅಮರಗೊಳಿಸಿದ ಬಿ ಕೋಶಗಳನ್ನೋ ಪೋಷಕವಾಗಿ ಬಳಸುವಾಗ 60ರಿಂದ 100 ಗ್ರೇವರೆಗೂ ಬೇಕಾಗುತ್ತದೆ. ಗಾಮಾ ಕಿರಣ ತಗಲಿದ ಕೋಶಗಳು ವಿಕಿರಣಶೀಲವಾಗುವುದಿಲ್ಲ. ಅವನ್ನು ಸಾಮಾನ್ಯ ಕೋಣೆಯಲ್ಲಿಯೇ ಬಳಸಬಹುದು. ಈ ಗೊಂದಲ ಹೊಸಬರಲ್ಲಿ ಎಷ್ಟು ಆಳವಾಗಿರುತ್ತದೆಂದರೆ ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಮುಂಬಯಿಯ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ ತಯಾರಿಸುವ ಗಾಮಾ ಚೇಂಬರ್‌ಗಳಲ್ಲಿ ಕೋಬಾಲ್ಟ್-60 ಇರುತ್ತದೆ. ಅದರ ಅರ್ಧಾಯು 5.27 ವರ್ಷ, ಅಂದರೆ ತಿಂಗಳಿಗೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಶಕ್ತಿ ಕುಂದುತ್ತಿರುತ್ತದೆ. ಅಳವಡಿಸಿದಾಗ ನಿಮಿಷಕ್ಕೆ 10 ಗ್ರೇ ಇದ್ದ ಯಂತ್ರದಲ್ಲಿ 30 ಗ್ರೇ ಕೊಡಲು ಮೂರು ನಿಮಿಷ ಸಾಕಿತ್ತು. ಐದು ವರ್ಷ ಮೂರು ತಿಂಗಳ ನಂತರ ಆರು ನಿಮಿಷ ಬೇಕು. ಯಂತ್ರದ ಬಾಗಿಲಿಗೆ ಅಂಟಿಸಿದ ಸಮಯದ ಪಟ್ಟಿಯ ಮೇಲಿನ ದಿನಾಂಕವನ್ನು ಓದದೆ ಬಟನ್ ಒತ್ತಬಾರದು. ಕೊಳವೆಯನ್ನು ಚೇಂಬರಿನ ನಡುವಿನಲ್ಲಿಟ್ಟಿದ್ದೀರೋ ಅಂಚಿನಲ್ಲೋ ಎಂಬುದರಿಂದಲೂ ಪ್ರಮಾಣ ಬದಲಾಗುತ್ತದೆ. ಕೊನೆಗೆ, ವಿಕಿರಣ ಕೊಟ್ಟ ಕೋಶಗಳನ್ನು ಮಾತ್ರ ಹಾಕಿದ ಕುಳಿಗಳು ಪ್ರತಿ ಪ್ಲೇಟಿನಲ್ಲೂ ಇರಬೇಕು. ಅಲ್ಲಿ ಥೈಮಿಡಿನ್ ಎಣಿಕೆ ಏರಿದ್ದರೆ ಪ್ರಮಾಣ ಸಾಲದೆ ಹೋಗಿದೆ. ಎಣಿಕೆ ತಗ್ಗಿದ್ದರೂ ಆ ಕೋಶಗಳು ಸತ್ತಿವೆ ಎಂದಲ್ಲ: ವಿಭಜಿಸಲಾಗದ ಕೋಶವೂ ಕೆಲಕಾಲ ಸೈಟೋಕೈನುಗಳೆಂಬ ಸಂಕೇತ ಪ್ರೋಟೀನುಗಳನ್ನು ಸುರಿಸುತ್ತಲೇ ಇರುತ್ತದೆ, ಮಾಧ್ಯಮದಲ್ಲಿ ಅವನ್ನು ಅಳೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೇಗವಾಗಿ ವಿಭಜಿಸುವ, ಇನ್ನೂ ಪಕ್ವವಾಗದ ಕೋಶಗಳಿಗೆ ವಿಕಿರಣ ಹೆಚ್ಚು ತಾಗುತ್ತದೆ ಎಂದು ಬೆರ್ಗೊನಿಯೆ ಮತ್ತು ಟ್ರಿಬೊಂಡೊ 1906ರಲ್ಲಿ ಹೇಳಿದರು. ಲಿಂಫೋಸೈಟ್ ಆ ನಿಯಮವನ್ನು ಮುರಿಯುತ್ತದೆ: ವಿಭಜಿಸದೆ ಸುಮ್ಮನಿರುವ ಬಿ ಕೋಶ ಅತಿ ಕಡಿಮೆ ವಿಕಿರಣಕ್ಕೂ ಸಾಯುತ್ತದೆ, ಪ್ಲಾಸ್ಮಾ ಕೋಶ ಮತ್ತು ಮ್ಯಾಕ್ರೊಫೇಜ್ ಬಹಳಷ್ಟನ್ನು ತಾಳುತ್ತವೆ. ಇಲಿಗೆ ವಿಕಿರಣ ಕೊಟ್ಟು ಅದರ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿದೆವು ಎಂದು ಬರೆಯುವಾಗ ಯಾವುದು ಅಳಿಯಿತು, ಯಾವುದು ಉಳಿಯಿತು ಎಂದು ಬಿಡಿಸಿ ಹೇಳುವುದು ಇದಕ್ಕಾಗಿ ಅಗತ್ಯ.

ಟೊರೊಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್‌ಕಲಕ್ 1961ರಲ್ಲಿ ಮಾರಕ ಪ್ರಮಾಣದ ವಿಕಿರಣ ಕೊಟ್ಟ ಇಲಿಗಳಿಗೆ ಮೂಳೆಮಜ್ಜೆಯ ಕೋಶಗಳನ್ನು ಚುಚ್ಚಿ, ಅವುಗಳ ಗುಲ್ಮದ ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ರಕ್ತದ ಕಾಂಡಕೋಶವನ್ನು ಅಳತೆಗೆ ತಂದ ಪ್ರಯೋಗ ಅದು. ಎರಡು ವರ್ಷಗಳ ನಂತರ ಬೆಕರ್ ಅವರೊಂದಿಗೆ ಸೇರಿ ಅವರು ವಿಕಿರಣವನ್ನೇ ಗುರುತಾಗಿ ಬಳಸಿದರು: ಕಸಿ ಮಾಡಿದ ಕೋಶಗಳ ವರ್ಣತಂತುಗಳಲ್ಲಿ ವಿಕಿರಣದಿಂದ ಉಂಟಾದ ವಿಶಿಷ್ಟ ವಿರೂಪಗಳು ಒಂದು ಗಂಟಿನ ಕೋಶಗಳಲ್ಲೆಲ್ಲ ಒಂದೇ ರೀತಿ ಕಂಡುದರಿಂದ, ಇಡೀ ಗಂಟು ಒಂದೇ ಕೋಶದ ಸಂತಾನ ಎಂದು ಸಾಧಿತವಾಯಿತು. ಈ ಬಗೆಯ ಕಸಿ ಪ್ರಯೋಗಕ್ಕೆ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆಯೂ ಅನುಭವಿಗಳ ಕೈಯೂ ಬೇಕು. ಪ್ರಮಾಣವನ್ನು ಪುಸ್ತಕದಿಂದ ಎತ್ತಿಕೊಳ್ಳಬಾರದು. ಬಾಲ್ಬ್-ಸಿ ತಳಿಯ ಇಲಿಗಳು ಸಿ57 ಬ್ಲ್ಯಾಕ್-6 ತಳಿಗಿಂತ ಬೇಗ ಬಸವಳಿಯುತ್ತವೆ, ಒಂದೇ ತಳಿಯೂ ಪ್ರಾಣಿಗೃಹದ ಶುಚಿತ್ವಕ್ಕೆ ತಕ್ಕಂತೆ ಬೇರೆಬೇರೆಯಾಗಿ ತಾಳುತ್ತದೆ. ಒಟ್ಟು ಪ್ರಮಾಣವನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡಾಗಿ ಹಂಚಿ ಕೊಟ್ಟರೆ ಕರುಳಿನ ಹಾನಿ ತಗ್ಗುತ್ತದೆ. ಮಜ್ಜೆ ಪಡೆಯದ ಇಲಿಗಳ ಒಂದು ಸಣ್ಣ ಗುಂಪು ಪ್ರಮಾಣ ಸಾಕಾಯಿತೇ ಎಂಬುದನ್ನು ಹೇಳುತ್ತದೆ. ಅವುಗಳನ್ನು ದಿನಕ್ಕೆರಡು ಬಾರಿ ನೋಡಿ, ನರಳಿಕೆ ಶುರುವಾದ ಕೂಡಲೇ ನೋವಿಲ್ಲದಂತೆ ಜೀವ ತೆಗೆಯಬೇಕು. ತಾನಾಗಿ ಸಾಯಲಿ ಎಂದು ಕಾಯಬಾರದು.

ಉಳಿದ ವಸ್ತು

2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಕೋಬಾಲ್ಟ್-60 ಬಿಚ್ಚಿಕೊಂಡು ಒಬ್ಬರು ಸತ್ತರು, ಹಲವರು ಗಾಯಗೊಂಡರು. ಅದು ಬಂದದ್ದು ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದು ಹರಾಜಾದ ಗಾಮಾ ಯಂತ್ರದಿಂದ. ಯಂತ್ರವನ್ನು ತಂದವರು ನಿವೃತ್ತರಾದ ಮೇಲೂ ಅದು ಏನೆಂದು ತಿಳಿದವರೊಬ್ಬರು ವಿಭಾಗದಲ್ಲಿರುವಂತೆ, ದಾಸ್ತಾನು ಪುಸ್ತಕದಲ್ಲಿ ಅದರ ಹೆಸರು ಪ್ರತಿ ವರ್ಷ ಮತ್ತೆ ಬರೆಯಲಾಗುವಂತೆ ನೋಡಿಕೊಳ್ಳಬೇಕು.

ನಮ್ಮ ಸಣ್ಣ ಪ್ರಮಾಣಗಳಲ್ಲಿ ಟ್ರಿಟಿಯಂ ತ್ಯಾಜ್ಯವೇ ಕಷ್ಟದ್ದು; 12.3 ವರ್ಷ ಅರ್ಧಾಯುವಿನ ವಸ್ತುವನ್ನು ಕೋಣೆಯಲ್ಲಿಟ್ಟು ಕಾಯಲಾಗುವುದಿಲ್ಲ, ಆದ್ದರಿಂದ ದ್ರವ, ಫಿಲ್ಟರ್, ಪ್ಲಾಸ್ಟಿಕ್ ಇವನ್ನು ಬೇರೆಬೇರೆಯಾಗಿ ಕಟ್ಟಿ ಸುರಕ್ಷತಾ ಅಧಿಕಾರಿಗೆ ಒಪ್ಪಿಸಬೇಕು. ಕ್ರೋಮಿಯಂ ಅನ್ನು ಕಾಯಬಹುದು. ಡಬ್ಬಿಯ ಮೇಲೆ ಐಸೊಟೋಪಿನ ಹೆಸರು, ಮುಚ್ಚಿದ ದಿನಾಂಕ, ಅಂದಾಜು ಚಟುವಟಿಕೆ ಬರೆದು ಸೀಸದ ಹಿಂದೆ ಇಟ್ಟರೆ ಹತ್ತು ಅರ್ಧಾಯುಗಳಲ್ಲಿ, ಎಂದರೆ ಸುಮಾರು 277 ದಿನಗಳಲ್ಲಿ, ಅದು ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಆ ದಿನ ಬಂದಿತೆಂದು ಡಬ್ಬಿಯನ್ನು ಎತ್ತಿ ಕಸಕ್ಕೆ ಹಾಕಬಾರದು. ಸೀಸದ ಹಿಂದಿನಿಂದ ಹೊರತೆಗೆದು, ಬೇರೆ ಮೂಲಗಳಿಲ್ಲದ ಕೋಣೆಯಲ್ಲಿ ಮೀಟರಿನಿಂದ ಅಳೆದು, ಅದು ಹಿನ್ನೆಲೆಯ ಮಟ್ಟದಲ್ಲಿದೆ ಎಂದು ಖಚಿತಪಡಿಸಿಕೊಂಡು, ಆ ಅಳತೆಯನ್ನು ಪುಸ್ತಕದಲ್ಲಿ ಸಹಿಯೊಂದಿಗೆ ದಾಖಲಿಸಬೇಕು. ಡಬ್ಬಿಯ ಮೇಲಿರುವ ಮೂರು ದಳದ ಹಳದಿ ಚಿಹ್ನೆಯನ್ನು ಪೂರ್ತಿ ಕಿತ್ತೋ ಬಳಿದೋ ಅಳಿಸಿದ ಮೇಲೆ, ಒಳಗೆ ರಕ್ತದ ಅಂಶವಿದ್ದರೆ ಅದನ್ನು ಸೋಂಕಿನ ತ್ಯಾಜ್ಯದ ಚೀಲಕ್ಕೆ ಹಾಕಿ ಕಳುಹಿಸಬೇಕು.